ಮೂಗಿನಲ್ಲಿ ಎಂಆರ್‌ಎಸ್‌ಎ ಸಿಕ್ಕಿದೆ, ನೌಕರಿ ಬಿಡಬೇಕಾ?

ಪ್ರಶ್ನೆ: ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ಸ್ಟಾಫ್ ನರ್ಸ್. ಹೋದ ತಿಂಗಳು ಆಪರೇಷನ್ ಆದ ಮೂವರ ಹೊಲಿಗೆಯಲ್ಲಿ ಕೀವು ಬಂತು. ಆಮೇಲೆ ನರ್ಸ್, ಆಯಾ, ವಾರ್ಡ್ ಬಾಯ್ ಎಲ್ಲರ ಮೂಗಿನಿಂದ ಸ್ವಾಬ್ ತೆಗೆದರು. ನೈಟ್ ಡ್ಯೂಟಿ ಮುಗಿಸಿ ಹೊರಟಿದ್ದೆ, ಬಾಗಿಲಲ್ಲೇ ನಿಲ್ಲಿಸಿ ನನ್ನದೂ ತೆಗೆದರು. ನನ್ನದೊಂದೇ ‘ಎಂಆರ್‌ಎಸ್‌ಎ’ ಅಂತ ಬಂದಿದೆ. ಈಗ ಜೊತೆಯವರು ನನ್ನ ಪಕ್ಕ ಕೂತು ಊಟ ಮಾಡುವುದಿಲ್ಲ. ಮನೆಯಲ್ಲಿ ಎರಡು ವರ್ಷದ ಮಗ ಇದ್ದಾನೆ, ಇನ್ನೂ ಹಾಲು ಕುಡಿಯುತ್ತಾನೆ. ಅತ್ತೆಗೆ ಶುಗರ್, ಕಾಲಲ್ಲಿ ಹುಣ್ಣು. “ಕೂಸಿನ ಹತ್ರ ಹೋಗಬ್ಯಾಡ, ನಿನ್ನ ಮೂಗಿನ್ಯಾಗ ಹುಳಾ ಅದಾವಂತಲ್ಲ” ಅನ್ನುತ್ತಾರೆ. ಆ ಮೂವರಿಗೆ ನನ್ನಿಂದಲೇ ಬಂತಾ? ಇದು ಹೋಗುತ್ತಾ? ನಾನು ನೌಕರಿ ಬಿಡಬೇಕಾ?

ಉತ್ತರ: ಸಿಸ್ಟರ್, ಮೊದಲು ನೌಕರಿಯ ಮಾತು ಮುಗಿಸಿಬಿಡೋಣ. ರಾಜೀನಾಮೆ ಕೊಡಬೇಡಿ. ನಿಮಗೆ ಯಾವ ಕಾಯಿಲೆಯೂ ಬಂದಿಲ್ಲ. ನಿಮ್ಮ ಮೂಗಿನಲ್ಲಿ ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್ ಅನ್ನುವ ಆ್ಯಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ, ಮನೆ ಮಾಡಿಕೊಂಡಿರಬಹುದು, ಅಷ್ಟೇ. ‘ಇರಬಹುದು’ ಅಂತ ಯಾಕೆ ಹೇಳಿದೆ ಅಂದರೆ, ನಿಮ್ಮ ಪತ್ರ ಓದಿದ ಮೇಲೆ ಅದೂ ನನಗೆ ಖಾತ್ರಿಯಿಲ್ಲ.

ನಾನು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೂರುವವನು. ಗಾಯ ಕೀವಾದ ಮೇಲೆ ಸಿಬ್ಬಂದಿಯ ಸ್ವಾಬ್‌ಗಳು ಕಂತೆ ಕಂತೆಯಾಗಿ ಬರುವುದನ್ನು ಬಹಳ ಸಲ ನೋಡಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ, ನಿಮ್ಮ ರಿಪೋರ್ಟನ್ನು ಇನ್ನೊಮ್ಮೆ ಕೈಗೆ ತಗೊಳ್ಳಿ. ಅದರಲ್ಲಿ ‘ಸ್ಟ್ಯಾಫಿಲೊಕಾಕಸ್ ಆರಿಯಸ್’ ಅಂತ ಪೂರ್ತಿ ಹೆಸರು ಬರೆದಿದ್ದಾರಾ? ಅಥವಾ ಬರೀ ‘ಸ್ಟ್ಯಾಫಿಲೊಕಾಕಸ್, ಮೆಥಿಸಿಲಿನ್ ರೆಸಿಸ್ಟೆಂಟ್’ ಅಂತ ಇದೆಯಾ? ಇವೆರಡೂ ಒಂದೇ ಅಲ್ಲ. ನಮ್ಮೆಲ್ಲರ ಚರ್ಮದ ಮೇಲೆ, ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಅನ್ನುವ ಸಾಧು ತಮ್ಮ ಇರುತ್ತಾನೆ. ಆಸ್ಪತ್ರೆಯಲ್ಲಿ ದುಡಿಯುವವರ ಮೈಮೇಲೆ ಇರುವ ಈ ತಮ್ಮನೂ ಎಷ್ಟೋ ಸಲ ಮೆಥಿಸಿಲಿನ್‌ಗೆ ಬಗ್ಗುವುದಿಲ್ಲ. ಅವನನ್ನು ಹಿಡಿದು ಎಂಆರ್‌ಎಸ್‌ಎ ಅಂತ ಹಣೆಪಟ್ಟಿ ಹಚ್ಚಿದರೆ ಅದು ಲ್ಯಾಬ್‌ನ ತಪ್ಪು. ಇಬ್ಬರನ್ನೂ ಬೇರೆ ಮಾಡಲು ಕೊಯಾಗ್ಯುಲೇಸ್ ಅನ್ನುವ ಸರಳ ಪರೀಕ್ಷೆ ಇದೆ. ಪ್ಲಾಸ್ಮಾ ಹೆಪ್ಪುಗಟ್ಟಿದರೆ ಸಾಮಾನ್ಯವಾಗಿ ಆರಿಯಸ್, ಗಟ್ಟದಿದ್ದರೆ ಸಾಧು ತಮ್ಮ. ಅದು ಪಾಸಿಟಿವ್ ಇತ್ತಾ ಅಂತ ಲ್ಯಾಬ್‌ನವರನ್ನು ಕೇಳಿ. ಹಾಗೇ ‘ಸೆಫಾಕ್ಸಿಟಿನ್’ ಅನ್ನುವ ಔಷಧದ ಮುಂದೆ ‘ಆರ್’ (ರೆಸಿಸ್ಟೆಂಟ್, ಅಂದರೆ ಬಗ್ಗುವುದಿಲ್ಲ) ಇದೆಯಾ ನೋಡಿ. ಈಗ ಯಾರೂ ಮೆಥಿಸಿಲಿನ್ ಡಿಸ್ಕ್ ಇಟ್ಟು ನೋಡುವುದಿಲ್ಲ. ಸೆಫಾಕ್ಸಿಟಿನ್ ಡಿಸ್ಕ್ ಇಟ್ಟೇ ಎಂಆರ್‌ಎಸ್‌ಎ ಅಂತ ತೀರ್ಮಾನ ಮಾಡುತ್ತಾರೆ.

ಎರಡನೆಯದು, ಸ್ವಾಬ್ ತೆಗೆದ ಹೊತ್ತು. ನೈಟ್ ಡ್ಯೂಟಿ ಮುಗಿಸಿ ಹೊರಟವರನ್ನು ಬಾಗಿಲಲ್ಲಿ ನಿಲ್ಲಿಸಿ ತೆಗೆದರು ಅಂತ ಬರೆದಿದ್ದೀರಿ. ಓದಿ ಹಣೆ ಚಚ್ಚಿಕೊಂಡೆ. ರಾತ್ರಿಯೆಲ್ಲಾ ಡ್ರೆಸ್ಸಿಂಗ್ ಮಾಡಿ, ಸಲೈನ್ ಬದಲಿಸಿ, ಬೆಡ್‌ಶೀಟ್ ಕೊಡವಿದವರ ಮೂಗಿನಲ್ಲಿ ಆ ವಾರ್ಡಿನ ಬ್ಯಾಕ್ಟೀರಿಯಾ ಸಿಗದೆ ಇನ್ನೇನು ಸಿಗುತ್ತದೆ? ರೊಟ್ಟಿ ಬಡಿದು ಎದ್ದವರ ಕೈಯಲ್ಲಿ ಹಿಟ್ಟು ಹುಡುಕಿದ ಹಾಗಾಯಿತು. ಇಂಥ ಅಂಟು ಎಷ್ಟೋ ಸಲ ಮುಂದಿನ ಡ್ಯೂಟಿಗೆ ಬರುವಷ್ಟರಲ್ಲಿ ತಾನೇ ಹೋಗಿರುತ್ತದೆ. ಅದಕ್ಕೇ ಸಿಬ್ಬಂದಿಯ ಸ್ವಾಬನ್ನು ಡ್ಯೂಟಿ ಶುರುವಾಗುವ ಮುಂಚೆ ತೆಗೆಯಬೇಕು. ಎರಡು ದಿನ ರಜೆ ಇದ್ದು ಬಂದ ಬೆಳಿಗ್ಗೆ ತೆಗೆದರೆ ಇನ್ನೂ ಒಳ್ಳೆಯದು. ಆಗಲೂ ಸಿಕ್ಕರೆ ಮಾತ್ರ ಅದು ನಿಮ್ಮಲ್ಲಿ ನೆಲೆ ನಿಂತಿದೆ ಅನ್ನಬಹುದು.

ಸರಿ, ನೆಲೆ ನಿಂತೇ ಇದೆ ಅಂತ ಇಟ್ಟುಕೊಳ್ಳೋಣ. ಏನದು?

1880ರ ದಶಕದ ಶುರುವಿನಲ್ಲಿ ಸ್ಕಾಟ್ಲೆಂಡಿನ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ದ್ರಾಕ್ಷಿ ಗೊಂಚಲಿನ ಹಾಗೆ ಗುಂಪು ಕಟ್ಟಿಕೊಂಡ ಗುಂಡು ಜೀವಿಗಳು ಕಂಡವು. ಸ್ಟ್ಯಾಫಿಲೊ ಅಂದರೆ ಗ್ರೀಕ್‌ನಲ್ಲಿ ಗೊಂಚಲು. ಲ್ಯಾಬ್‌ನಲ್ಲಿ ಬೆಳೆಸಿದಾಗ ಬಂಗಾರದ ಬಣ್ಣ ಬರುತ್ತದೆ, ಅದಕ್ಕೆ ಆರಿಯಸ್. ನೂರು ಜನ ಆರೋಗ್ಯವಂತರನ್ನು ನಿಲ್ಲಿಸಿ ಮೂಗು ನೋಡಿದರೆ ಸುಮಾರು ಮೂವತ್ತು ಜನರಲ್ಲಿ ಈ ಆರಿಯಸ್ ಸಿಗುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಮಾರುವವರಲ್ಲೂ ಸಿಗುತ್ತದೆ, ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವವರಲ್ಲೂ ಸಿಗುತ್ತದೆ. ಅವರಿಗೆಲ್ಲ ಏನೂ ಆಗುವುದಿಲ್ಲ. ಮೂಗಿನಲ್ಲಿ ಇರುವುದಕ್ಕೂ ರೋಗ ಬರುವುದಕ್ಕೂ ಬಹಳ ದೂರ. ಚರ್ಮ ಕೊಯ್ದಾಗ, ರಕ್ತನಾಳಕ್ಕೆ ಸೂಜಿ ಚುಚ್ಚಿದಾಗ, ಅದಕ್ಕೆ ಒಳಗೆ ಹೋಗಲು ದಾರಿ ಸಿಕ್ಕಾಗ ಮಾತ್ರ ಅದರ ಆಟ ಶುರು.

ಈ ಆರಿಯಸ್‌ಗೆ ಪೆನ್ಸಿಲಿನ್ ಒಂದು ಕಾಲಕ್ಕೆ ರಾಮಬಾಣ. ಕೆಲವೇ ವರ್ಷದಲ್ಲಿ ಅದು ಪೆನ್ಸಿಲಿನ್ ಅನ್ನೇ ಒಡೆದು ಹಾಕುವ ಕಿಣ್ವ ಕಲಿಯಿತು. ಅದನ್ನು ಮೀರಿಸಲು 1959ರಲ್ಲಿ ಮೆಥಿಸಿಲಿನ್ ಬಂತು. 1961ಕ್ಕೆ ಇಂಗ್ಲೆಂಡಿನಲ್ಲಿ ಮೆಥಿಸಿಲಿನ್‌ಗೂ ಬಗ್ಗದ ಆರಿಯಸ್ ಸಿಕ್ಕಿತು. ಎರಡೇ ವರ್ಷ! ಈ ಸಲದ ಉಪಾಯ ಬೇರೆ. ಈ ಗುಂಪಿನ ಔಷಧಗಳು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಮೇಸ್ತ್ರಿಯನ್ನು ಹಿಡಿದು ಕೂರಿಸುತ್ತವೆ. ಎಂಆರ್‌ಎಸ್‌ಎ ಹತ್ತಿರ ಮೆಕ್-ಎ ಅನ್ನುವ ಜೀನ್ ಇದೆ. ಅದು ಔಷಧದ ಕೈಗೆ ಸಿಗದ ಇನ್ನೊಬ್ಬ ಮೇಸ್ತ್ರಿಯನ್ನು ತಂದು ನಿಲ್ಲಿಸುತ್ತದೆ. ಗೋಡೆ ಏಳುತ್ತಲೇ ಇರುತ್ತದೆ. ಹಾಗಾಗಿ ಅಮಾಕ್ಸಿಸಿಲಿನ್, ಸೆಫಲೆಕ್ಸಿನ್, ನಿಮ್ಮ ವಾರ್ಡಿನಲ್ಲಿ ನೀರಿನ ಹಾಗೆ ಹೋಗುವ ಸೆಫ್ಟ್ರಿಯಾಕ್ಸೋನ್, ಕೊನೆಗೆ ದುಬಾರಿ ಮೆರೋಪೆನಮ್ ಕೂಡ ಇದರ ಮೇಲೆ ನಡೆಯುವುದಿಲ್ಲ. ವ್ಯಾಂಕೋಮೈಸಿನ್, ಲಿನೆಝೋಲಿಡ್ ಥರದ ಕೆಲವು ಉಳಿದಿವೆ.

ಈಗ ನಿಮ್ಮನ್ನು ಹೆಚ್ಚು ಕೊರೆಯುತ್ತಿರುವ ಪ್ರಶ್ನೆ. ಆ ಮೂವರಿಗೆ ನಿಮ್ಮಿಂದ ಬಂತಾ?

ಅವರ ಕೀವಿನಲ್ಲಿ ಏನು ಬೆಳೆಯಿತು? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ನಿಮಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ. ನಮ್ಮ ಕಡೆ ಆಪರೇಷನ್ ಗಾಯಗಳಲ್ಲಿ ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಅನ್ನುವ ಬೇರೆ ಬ್ಯಾಕ್ಟೀರಿಯಾ ಸಿಗುವುದೂ ಸಾಮಾನ್ಯ. ಕೀವಿನಲ್ಲಿ ಸ್ಯೂಡೊಮೊನಾಸ್ ಬೆಳೆದಿದ್ದರೆ ನಿಮ್ಮ ಮೂಗಿಗೂ ಆ ಗಾಯಕ್ಕೂ ಸಂಬಂಧವೇ ಇಲ್ಲ. ಆಗ ಹುಡುಕಬೇಕಾದದ್ದು ನೀರಿನ ನಲ್ಲಿಯಲ್ಲಿ, ಸಿಂಕಿನಲ್ಲಿ, ಮೂರು ದಿನದ ಹಿಂದೆ ನೀರು ಬೆರೆಸಿ ಬಾಟಲಿಯಲ್ಲಿ ಇಟ್ಟ ಸ್ಯಾವ್ಲಾನ್‌ನಲ್ಲಿ. ಹೌದು, ತೆಳು ಮಾಡಿ ಇಟ್ಟ ಆ್ಯಂಟಿಸೆಪ್ಟಿಕ್‌ನಲ್ಲೇ ಸ್ಯೂಡೊಮೊನಾಸ್ ಹಾಯಾಗಿ ಬೆಳೆಯುತ್ತದೆ. ಬೆಳಿಗ್ಗೆ ಒಮ್ಮೆ ತೆರೆದು ಸಂಜೆವರೆಗೆ ಕೈ ಹಾಕುವ ಡ್ರೆಸ್ಸಿಂಗ್ ಡ್ರಮ್, ಎಲ್ಲ ರೋಗಿಗಳಿಗೂ ಬಳಸುವ ಒಂದೇ ಚೀಟಲ್ ಫೋರ್ಸೆಪ್ಸ್ ಅನ್ನುವ ಇಕ್ಕಳ, ಅದು ನಿಂತಿರುವ ಲೋಷನ್ ಡಬ್ಬಿ, ಇವೂ ನೋಡಬೇಕಾದ ಜಾಗಗಳೇ.

ಕೀವಿನಲ್ಲೂ ಎಂಆರ್‌ಎಸ್‌ಎ ಬೆಳೆದಿದ್ದರೆ? ಆಗ ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಬೇಕು. ರೋಗಿಯದು ಜೆಂಟಾಮೈಸಿನ್, ಕ್ಲಿಂಡಾಮೈಸಿನ್ ಎರಡಕ್ಕೂ ‘ಆರ್’, ನಿಮ್ಮದು ಎರಡಕ್ಕೂ ‘ಎಸ್’ (ಅಂದರೆ ಬಗ್ಗುತ್ತದೆ) ಅಂತಿದ್ದರೆ ಎರಡೂ ಬೇರೆ ತಳಿ ಅನ್ನಲು ಅದು ದೊಡ್ಡ ಸುಳಿವು. ಎಲ್ಲ ಒಂದೇ ಥರ ಇದ್ದರೂ ಅದು ಸಾಕ್ಷಿ ಆಗುವುದಿಲ್ಲ. ಒಂದೇ ಬಣ್ಣದ ಸೀರೆ ಉಟ್ಟವರೆಲ್ಲ ಅಕ್ಕತಂಗಿಯರಲ್ಲ. ಖಚಿತವಾಗಿ ಹೇಳಲು ಜೀನ್ ಮಟ್ಟದ ಪರೀಕ್ಷೆ ಬೇಕು, ಅದನ್ನು ದೊಡ್ಡ ಲ್ಯಾಬ್‌ಗೆ ಕಳಿಸಬೇಕಾಗುತ್ತದೆ. ಅದೂ ಒಂದೇ ಅಂತ ಬಂದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ನಿಮ್ಮಿಂದ ರೋಗಿಗೆ ಹೋಯಿತಾ, ರೋಗಿಯ ಗಾಯ ತೊಳೆದು ತೊಳೆದು ನಿಮಗೆ ಬಂತಾ? ಎರಡನೆಯದೂ ಅಷ್ಟೇ ಸಹಜ. ಕೀವಾದ ಮೇಲೆ ಸ್ವಾಬ್ ತೆಗೆದರೆ ಮೊದಲು ಯಾರಲ್ಲಿತ್ತು ಅಂತ ಹೇಗೆ ಗೊತ್ತಾಗಬೇಕು?

ಇನ್ನೂ ಒಂದು ಮಾತಿದೆ. ಆರಿಯಸ್‌ನಿಂದ ಕೀವಾದ ಗಾಯಗಳಲ್ಲಿ ಬಹಳಷ್ಟಕ್ಕೆ ಬ್ಯಾಕ್ಟೀರಿಯಾ ಬಂದದ್ದು ರೋಗಿಯ ಸ್ವಂತ ಮೂಗಿನಿಂದ. 2010ರಲ್ಲಿ ನೆದರ್ಲೆಂಡ್ಸ್‌ನಿಂದ ಒಂದು ಅಧ್ಯಯನ ಬಂತು. ಮೂಗಿನಲ್ಲಿ ಆರಿಯಸ್ ಇದ್ದ ರೋಗಿಗಳಿಗೆ ಮೂಗಿಗೆ ಮುಲಾಮು, ಮೈಗೆ ಕ್ಲೋರ್‌ಹೆಕ್ಸಿಡಿನ್ ಸೋಪು ಕೊಟ್ಟರು. ಆಸ್ಪತ್ರೆಯಲ್ಲಿ ಆರಿಯಸ್ ಸೋಂಕು ಶೇ. 7.7 ಇದ್ದದ್ದು ಶೇ. 3.4ಕ್ಕೆ ಇಳಿಯಿತು. ಅಂದರೆ ಆಪರೇಷನ್‌ಗೆ ಮುಂಚೆ ರೋಗಿಯ ಮೂಗು ನೋಡಿದ್ದರೂ ಲಾಭ ಇತ್ತು.

ಅದಿರಲಿ, ನಿಮ್ಮ ಪಟ್ಟಿಯಲ್ಲಿ ನರ್ಸ್, ಆಯಾ, ವಾರ್ಡ್ ಬಾಯ್ ಇದ್ದಾರೆ. ಸರ್ಜನ್ ಸಾಹೇಬರ ಮೂಗು? ಅರಿವಳಿಕೆ ಡಾಕ್ಟರದ್ದು? ಅವರದ್ದು ತೆಗೆಯಲಿಲ್ಲ ಅಂದರೆ ಅದನ್ನು ತನಿಖೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಸಂಬಳದ ಪಟ್ಟಿ ಓದಲು ಬರುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2008ರಲ್ಲಿ ಒಂದು ಲೆಕ್ಕ ಬಂದಿತ್ತು. ಆರೋಗ್ಯ ಸಿಬ್ಬಂದಿಯಲ್ಲಿ ಸರಾಸರಿ ಶೇ. 4.6 ಜನರ ಹತ್ತಿರ ಎಂಆರ್‌ಎಸ್‌ಎ ಇತ್ತು. ಆ ಲೆಕ್ಕದಲ್ಲಿ ನೂರು ಜನ ದುಡಿಯುವ ದವಾಖಾನೆಯಲ್ಲಿ ನಾಲ್ಕೈದು ಜನ. ನಿಮ್ಮಲ್ಲಿ ನೀವೊಬ್ಬರೇ ಅಂದರೆ, ಉಳಿದವರನ್ನು ಸರಿಯಾಗಿ ನೋಡಿಲ್ಲ ಅನ್ನುವ ಅನುಮಾನ ನನಗೆ.

ಸಿಬ್ಬಂದಿಯ ಮೂಗು ನೋಡುವುದರಲ್ಲಿ ದೇಶ ದೇಶಕ್ಕೂ ಅಭಿಪ್ರಾಯ ಬೇರೆ. ನೆದರ್ಲೆಂಡ್ಸ್‌ನವರು ಬಹಳ ಕಟ್ಟುನಿಟ್ಟು, ಎಂಆರ್‌ಎಸ್‌ಎ ಇರುವ ಸಿಬ್ಬಂದಿಯನ್ನು ರೋಗಿಗಳಿಂದ ದೂರ ಇಟ್ಟು, ಚಿಕಿತ್ಸೆ ಕೊಟ್ಟು ವಾಪಸ್ ಕರೆಯುತ್ತಾರೆ. ಅಲ್ಲಿ ಎಂಆರ್‌ಎಸ್‌ಎ ಬಹಳ ಕಡಿಮೆ, ಅದಕ್ಕೆ ನಡೆಯುತ್ತದೆ. ಅಮೆರಿಕ, ಬ್ರಿಟನ್‌ನಲ್ಲಿ ಎಲ್ಲರ ಮೂಗನ್ನೂ ಸುಮ್ನೆ ನೋಡುತ್ತಾ ಹೋಗುವುದಿಲ್ಲ. ಒಂದೇ ತಳಿ ಹಲವರಿಗೆ ಹರಡಿ, ಅದರ ಜಾಡು ಒಬ್ಬ ಸಿಬ್ಬಂದಿಯ ಕಡೆಗೆ ಹೋದರೆ ಮಾತ್ರ ನೋಡುತ್ತಾರೆ. ನಮ್ಮಂಥ ಕಡೆಗೆ ಈ ಎರಡನೆಯ ದಾರಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಯಾಕೆಂದರೆ ಮೂಗು ಬರೀ ಗೋದಾಮು. ಸರಕು ಸಾಗಿಸುವ ಗಾಡಿ ಕೈ. ನಿಮ್ಮ ಮೂಗಿನಲ್ಲಿ ಎಂಆರ್‌ಎಸ್‌ಎ ಇದ್ದೂ ಪ್ರತಿ ರೋಗಿಯನ್ನು ಮುಟ್ಟುವ ಮುಂಚೆ ಕೈ ಉಜ್ಜಿಕೊಂಡರೆ ಅಪಾಯ ಬಹಳ ಕಡಿಮೆ. ಮೂಗು ಶುದ್ಧ ಇರುವ ಸಿಸ್ಟರ್ ಒಂದು ಹಾಸಿಗೆಯ ಗಾಯ ಮುಟ್ಟಿ ಹಾಗೇ ಪಕ್ಕದ ಹಾಸಿಗೆಗೆ ಹೋದರೆ ಅವರೇ ಹೆಚ್ಚು ಅಪಾಯ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರ್ ಇದನ್ನೇ ಕಂಡುಕೊಂಡರು. ಹೆಣ ಕೊಯ್ದು ಬಂದ ಡಾಕ್ಟರುಗಳು ಅದೇ ಕೈಯಲ್ಲಿ ಬಾಣಂತಿಯರನ್ನು ಮುಟ್ಟುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ ಮೇಲೆ ಸಾವು ಸರ್ರನೆ ಇಳಿಯಿತು. ದೊಡ್ಡ ಡಾಕ್ಟರುಗಳಿಗೆ ಸಿಟ್ಟು ಬಂತು, ನಮ್ಮ ಕೈ ಹೊಲಸಾ ಅಂತ! ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ ಬಿಡಿ.

ಕೈ ಯಾವಾಗ ಉಜ್ಜಬೇಕು ಅನ್ನುವುದು ನಿಮಗೆ ಪಾಠವಾಗಿದೆ, ಗೋಡೆಯ ಮೇಲೆ ಚಾರ್ಟ್ ಇರುತ್ತದೆ. ತಪ್ಪುವುದು ಎಲ್ಲಿ ಅಂತ ಮಾತ್ರ ಹೇಳುತ್ತೇನೆ. ರೋಗಿಯನ್ನು ಮುಟ್ಟಿದ ಮೇಲೆ ಎಲ್ಲರೂ ತೊಳೆಯುತ್ತಾರೆ, ತಮಗೆ ಅಂಟಬಾರದು ಅಂತ. ಮುಟ್ಟುವ ಮುಂಚೆ ಮರೆಯುತ್ತಾರೆ. ಮಂಚದ ಕಂಬಿ, ಸಲೈನ್ ಸ್ಟ್ಯಾಂಡ್, ಪರದೆ ಮುಟ್ಟಿದರೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆರಿಯಸ್ ಒಣ ಜಾಗದ ಮೇಲೆ ವಾರಗಟ್ಟಲೆ ಬದುಕುತ್ತದೆ. ಇನ್ನು ಗ್ಲೌಸ್ ಹಾಕಿಕೊಂಡೇ ಮೊಬೈಲ್ ಎತ್ತುವುದು, ಕೇಸ್ ಶೀಟ್ ಬರೆಯುವುದು, ಅದೇ ಗ್ಲೌಸ್‌ನಲ್ಲಿ ಮುಂದಿನ ಹಾಸಿಗೆಗೆ ಹೋಗುವುದು. ಆ ಗ್ಲೌಸ್ ಯಾರನ್ನು ಕಾಯುತ್ತಿದೆ ಹೇಳಿ?

ಬಳೆಯ ವಿಷಯ ಎತ್ತಿದರೆ ನಮ್ಮ ಕಡೆ ಜಗಳ. ಆದರೂ ಎತ್ತುತ್ತೇನೆ. ಮುತ್ತೈದೆ ಕೈ ಬರಿದು ಇರಬಾರದು ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಗಾಜಿನ ಬಳೆಯ ಕೆಳಗೆ, ಉಂಗುರದ ಕೆಳಗೆ ಸ್ಯಾನಿಟೈಸರ್ ಹೋಗುವುದಿಲ್ಲ. ಉಂಗುರದ ಅಡಿಯ ಚರ್ಮದಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಸಿಗುತ್ತದೆ. ಡ್ಯೂಟಿಗೆ ಬಂದ ಕೂಡಲೇ ಬಿಚ್ಚಿ ಲಾಕರ್‌ನಲ್ಲಿಡಿ, ಮನೆಗೆ ಹೊರಡುವಾಗ ಹಾಕಿಕೊಳ್ಳಿ. ತಾಳಿ, ಕಾಲುಂಗುರಕ್ಕೆ ಯಾರೂ ಕೈ ಹಚ್ಚುತ್ತಿಲ್ಲ.

ನಿಮ್ಮ ಆಡಳಿತದವರು ಒಂದು ನೆಪ ಹೇಳಬಹುದು, ನೀರಿಲ್ಲ ಅಂತ. ಮೇ ತಿಂಗಳಲ್ಲಿ ನಮ್ಮೂರಿನ ನೀರಿನ ಕಥೆ ನನಗೂ ಗೊತ್ತು. ಬಿಸಿಲು 43, 44 ಡಿಗ್ರಿ, ಟ್ಯಾಂಕರ್ ಬರುವವರೆಗೆ ನಲ್ಲಿ ಒಣ ಒಣ. ಅದಕ್ಕೇ ಆಲ್ಕೋಹಾಲ್ ಹ್ಯಾಂಡ್ ರಬ್ ನಮಗೆ ವರ. ಕೈ ಮೇಲೆ ರಕ್ತ, ಕೀವು ಕಾಣದಿದ್ದರೆ ನೀರೇ ಬೇಡ. 20ರಿಂದ 30 ಸೆಕೆಂಡ್ ಉಜ್ಜಿದರೆ ಎಂಆರ್‌ಎಸ್‌ಎ ಸತ್ತು ಹೋಗುತ್ತದೆ. ಯಾವ ಆ್ಯಂಟಿಬಯಾಟಿಕ್‌ಗೆ ಬಗ್ಗದಿದ್ದರೂ ಆಲ್ಕೋಹಾಲ್‌ಗೆ ಅದು ಬಗ್ಗುತ್ತದೆ. ದುಬಾರಿ ಅಂತಾರಾ? ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಇದೆ, ಆಸ್ಪತ್ರೆಯ ಫಾರ್ಮಸಿಸ್ಟ್ ತಾವೇ ಮಾಡಬಹುದು. ಹತ್ತು ಲೀಟರ್‌ಗೆ ಶೇ. 96ರ ಎಥನಾಲ್ 8,333 ಮಿ.ಲೀ., ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., ಗ್ಲಿಸರಿನ್ 145 ಮಿ.ಲೀ., ಉಳಿದದ್ದಕ್ಕೆ ಕುದಿಸಿ ಆರಿಸಿದ ನೀರು. ಬೆಂಕಿ ಹತ್ತುವ ಸರಕು, ಹಾಗಾಗಿ ಗೊತ್ತಿದ್ದವರೇ ಮಾಡಬೇಕು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದೇ ಆದಾಗ, ಕಿರಾಣಿ ಅಂಗಡಿಯ ಕಟ್ಟೆಯ ಮೇಲೂ ಸ್ಯಾನಿಟೈಸರ್ ಬಾಟಲಿ ಇತ್ತು. ಈಗ ವಾರ್ಡಿನ ಗೋಡೆಯಲ್ಲಿ ಬಾಟಲಿ ಇಡುವ ಕಂಬಿ ಮಾತ್ರ ಉಳಿದಿದೆ, ಅಲ್ವಾ?

ಇನ್ನು ಚಿಕಿತ್ಸೆ. ಮರುಪರೀಕ್ಷೆಯಲ್ಲೂ ಎಂಆರ್‌ಎಸ್‌ಎ ಸಿಕ್ಕರೆ ಡಾಕ್ಟರ್ ಹತ್ತಿರ ಬರೆಸಿಕೊಂಡು ಮ್ಯುಪಿರೋಸಿನ್ ಶೇ. 2ರ ಮುಲಾಮು ತಗೊಳ್ಳಿ. ಮೂಗಿಗೆಂದೇ ಬರುವ ಟ್ಯೂಬ್ ಕೇಳಿ. ಬೆಂಕಿಕಡ್ಡಿಯ ತಲೆಯಷ್ಟು ತೆಗೆದು ಎರಡೂ ಹೊಳ್ಳೆಯ ಒಳಗೆ ಹಚ್ಚಿ, ಮೂಗು ಒತ್ತಿ ಹಿಡಿದು ಹರಡಿ. ದಿನಕ್ಕೆ ಎರಡು ಸಲ, ಐದು ದಿನ. ಅದೇ ಐದು ದಿನ ಶೇ. 4ರ ಕ್ಲೋರ್‌ಹೆಕ್ಸಿಡಿನ್‌ನಿಂದ ಸ್ನಾನ, ಕಣ್ಣು ಕಿವಿಗೆ ಹೋಗದ ಹಾಗೆ. ಕಂಕುಳು, ತೊಡೆಸಂದಿ ಬಿಡಬೇಡಿ. ಮಗನಿಗೆ ಹಾಲು ಕೊಡುವ ಮುಂಚೆ ಎದೆಯನ್ನು ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ. ಹಾಲು ಕುಡಿಸುತ್ತೇನೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ದಿನಾ ಟವೆಲ್, ದಿಂಬಿನ ಚೀಲ ಬದಲಿಸಿ, ನಮ್ಮ ಬಿಸಿಲಲ್ಲಿ ಒಣಗಿಸಿ. ಕೈಯಲ್ಲಿ ಬಿರುಕು, ಎಕ್ಸಿಮಾ ಇದ್ದರೆ ಅದನ್ನು ಮೊದಲು ವಾಸಿ ಮಾಡಿಕೊಳ್ಳಿ. ಒಡೆದ ಚರ್ಮದಲ್ಲಿ ಕೂತ ಆರಿಯಸ್ ಯಾವ ಮುಲಾಮಿಗೂ ಹೋಗುವುದಿಲ್ಲ.

ಮಾಡಬಾರದ್ದು ಒಂದಿದೆ. ಯಾರೋ ಹೇಳಿದರು ಅಂತ ಲಿನೆಝೋಲಿಡ್ ಮಾತ್ರೆ ನುಂಗಬೇಡಿ. ಮೂಗಿನಲ್ಲಿ ಸುಮ್ಮನೆ ಕೂತ ಬ್ಯಾಕ್ಟೀರಿಯಾಕ್ಕೆ ಅದು ಬೇಕಿಲ್ಲ. ಔಷಧಕ್ಕೆ ಬಗ್ಗದ ಟಿಬಿ ರೋಗಿಗಳಿಗೂ ಆಸರೆಯಾಗಿರುವ ಮಾತ್ರೆ ಅದು. ಮ್ಯುಪಿರೋಸಿನ್ ಕೂಡ ಕಂಡ ಕಂಡವರೆಲ್ಲ ಹಚ್ಚಿದರೆ ಅದಕ್ಕೂ ಬ್ಯಾಕ್ಟೀರಿಯಾ ಬಗ್ಗದ ಹಾಗಾಗುತ್ತದೆ. ಆಸ್ಪತ್ರೆಯವರು ‘ಎಲ್ಲರಿಗೂ ಒಂದೊಂದು ಟ್ಯೂಬ್ ಹಂಚಿ’ ಅಂದರೆ ಬೇಡ ಅನ್ನಿ. ಮುಂಚೆಯೇ ಹೇಳಿಬಿಡುತ್ತೇನೆ, ವರ್ಷದೊಳಗೆ ಸುಮಾರು ಅರ್ಧ ಜನರ ಮೂಗಿಗೆ ಆರಿಯಸ್ ವಾಪಸ್ ಬರುತ್ತದೆ. ಬಂದರೆ ನಿಮ್ಮ ತಪ್ಪಲ್ಲ.

ಡ್ಯೂಟಿ ಮಾಡಬಹುದಾ? ಜಾಡು ನಿಮ್ಮ ಕಡೆಗೇ ಬಂದಿದ್ದರೆ ಆ ಐದು ದಿನ ಓಟಿ, ಐಸಿಯು, ಡ್ರೆಸ್ಸಿಂಗ್ ಬಿಟ್ಟು ಬೇರೆ ಕೆಲಸ ಕೊಡಲಿ. ಸಂಬಳ ಕತ್ತರಿಸಬಾರದು, ಕತ್ತರಿಸಿದರೆ ಮುಂದಿನ ಸಲ ಯಾರು ಮೂಗು ಒಡ್ಡುತ್ತಾರೆ? ನೆಗಡಿಯಾದ ದಿನ ಮಾತ್ರ ಜಾಗ್ರತೆ. ನೆಗಡಿ ಇದ್ದಾಗ ಮೂಗಿನ ಆರಿಯಸ್ ಗಾಳಿಗೆ ಜಾಸ್ತಿ ಹರಡುತ್ತದೆ, 1996ರಲ್ಲಿ ಅಮೆರಿಕದಲ್ಲಿ ಒಬ್ಬ ಡಾಕ್ಟರರ ಮೇಲೆ ಪರೀಕ್ಷೆ ಮಾಡಿ ಇದನ್ನು ತೋರಿಸಿದ್ದಾರೆ. ಅಂಥ ದಿನ ಮಾಸ್ಕ್ ಬಿಚ್ಚಬೇಡಿ, ಗಾಯದ ಹತ್ತಿರ ಹೋಗಬೇಡಿ. ಪಕ್ಕ ಕೂತು ಊಟ ಮಾಡಿದರೆ ಬರುತ್ತದೆ ಅನ್ನುವ ನಿಮ್ಮ ಜೊತೆಯವರಿಗೆ ಹೇಳಿ, ಕೈ ತೊಳೆದು ಬಂದು ಕೂರಿ ಅಂತ. ಅಷ್ಟು ಸಾಕು.

ಮನೆಗೆ ಬರೋಣ. ಮಗನನ್ನು ಎತ್ತಿಕೊಳ್ಳಿ, ಮುದ್ದು ಮಾಡಿ, ಹಾಲು ಕೊಡಿ. ಜೊತೆಗಿರುವವರಿಗೆ ಇದು ಅಂಟಬಹುದು, ಆದರೆ ಗಟ್ಟಿಮುಟ್ಟಾದ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕುರು, ಕೀವುಗುಳ್ಳೆ ಎದ್ದರೆ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಹೀಗಿದೆ ಅಂತ ಹೇಳಿ. ಅತ್ತೆಯ ವಿಷಯದಲ್ಲಿ ನನಗೆ ಕಾಳಜಿ ಜಾಸ್ತಿ. ಶುಗರ್ ಇದ್ದವರ ಕಾಲಿನ ಹುಣ್ಣು ಅಂದರೆ ಆರಿಯಸ್‌ಗೆ ತೆರೆದ ಬಾಗಿಲು. ಬೇರೆಯವರು ಡ್ರೆಸ್ಸಿಂಗ್ ಮಾಡುವ ಹಾಗಿದ್ದರೆ ಈ ಕೆಲವು ದಿನ ಅವರೇ ಮಾಡಲಿ. ನೀವೇ ಮಾಡಬೇಕಾದರೆ ಮಾಸ್ಕ್, ಗ್ಲೌಸ್, ಮೊದಲೂ ಆಮೇಲೂ ಕೈ ಉಜ್ಜುವುದು. ಟವೆಲ್, ಉಗುರು ಕತ್ತರಿ ಬೇರೆ ಬೇರೆ ಇರಲಿ. ಮೂಗಿನಲ್ಲಿ ಹುಳ ಇಲ್ಲ ಅಂತ ಅತ್ತೆಗೆ ನೀವು ಹೇಳಿದರೆ ಕೇಳಲಿಕ್ಕಿಲ್ಲ. ಅವರ ಶುಗರ್ ಡಾಕ್ಟರಿಂದ ಹೇಳಿಸಿ.

ಒಂದು ವಿಷಯ ನಿಮ್ಮ ಮ್ಯಾಟ್ರನ್‌ಗೆ ತಲುಪಿಸಿ. ಇವತ್ತು ನಮ್ಮ ಐಸಿಯುಗಳನ್ನು ಹೆಚ್ಚು ಕಾಡುತ್ತಿರುವುದು ಎಂಆರ್‌ಎಸ್‌ಎ ಕೂಡ ಅಲ್ಲ. ಕಾರ್ಬಪೆನಮ್‌ಗೆ, ಅಂದರೆ ಮೆರೋಪೆನಮ್ ಗುಂಪಿನ ಔಷಧಗಳಿಗೆ, ಬಗ್ಗದ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ. 2010ರಲ್ಲಿ, ಈ ಔಷಧಗಳಿಗೆ ಬಗ್ಗದ ಹಾಗೆ ಮಾಡುವ ಎನ್‌ಡಿಎಂ ಅನ್ನುವ ಜೀನ್‌ಗೆ ನವದೆಹಲಿಯ ಹೆಸರು ಇಟ್ಟಿದ್ದಕ್ಕೆ ದೊಡ್ಡ ಗಲಾಟೆ ಆಗಿತ್ತಲ್ಲ, ಆ ಸಂತತಿ. ಕ್ಲೆಬ್ಸಿಯೆಲ್ಲಾ ಅಡಗುವುದು ಕರುಳಿನಲ್ಲಿ. ಮೂಗು ಎಷ್ಟು ಕೆದಕಿದರೂ ಸಿಗುವುದಿಲ್ಲ, ಹಚ್ಚಲು ಮುಲಾಮೂ ಇಲ್ಲ. ಅದನ್ನೂ ಹಾಸಿಗೆಯಿಂದ ಹಾಸಿಗೆಗೆ ಒಯ್ಯುವುದು ಅದೇ ಕೈ, ಅದೇ ಬಿಪಿ ಪಟ್ಟಿ, ಅದೇ ಸಕ್ಷನ್ ಪೈಪು.

ಮರುಪರೀಕ್ಷೆಯ ಲೆಕ್ಕ ಬರೆದಿಟ್ಟುಕೊಳ್ಳಿ. ಮುಲಾಮು ಮುಗಿದು ಕನಿಷ್ಠ ಎರಡು ದಿನ ಆಗಿರಬೇಕು. ಆಮೇಲೆ ವಾರಕ್ಕೊಂದರಂತೆ ಮೂರು ಸ್ವಾಬ್ ಕೊಡಿ. ಮೂಗಿನ ಜೊತೆ ಗಂಟಲಿನದೂ ತೆಗೆಯಲು ಹೇಳಿ, ಕೆಲವರಲ್ಲಿ ಅಲ್ಲಿ ಉಳಿದುಬಿಡುತ್ತದೆ. ಪ್ರತಿ ಸಲವೂ ಡ್ಯೂಟಿ ಹಿಡಿಯುವ ಮುಂಚೆ ಹೋಗಿ. ಆ ಮೂವರ ಕೀವಿನ ಕಲ್ಚರ್ ರಿಪೋರ್ಟ್‌ನ ಜೆರಾಕ್ಸ್ ಕೇಳಿ ತಗೊಳ್ಳಿ. ಕಲ್ಚರ್‌ಗೆ ಕಳಿಸಿಯೇ ಇಲ್ಲ ಅಂದರೆ, ಅದನ್ನೂ ಒಂದು ಸಾಲು ಬರೆದು ಸಹಿ ಮಾಡಿ ಕೊಡಲು ಹೇಳಿ.